ಧಣಿಯೇ ಜೋಕು ಹೊಡೆದರೆ ಬರಹಗಾರನಿಗೇನು ಕೆಲಸ?

2024ರ ಅಕ್ಟೋಬರಿನಲ್ಲಿ ಅಮೆರಿಕದ ಎಚ್‌ಬಿಒ ವಾಹಿನಿ ‘ದಿ ಫ್ರಾಂಚೈಸ್’ ಅಂತ ಒಂದು ಹಾಸ್ಯ ಸರಣಿ ಶುರು ಮಾಡಿತು. ಸೂಪರ್‌ಹೀರೋ ಸಿನಿಮಾ ತೆಗೆಯುವವರ ಗೋಳೇ ಅದರ ಕಥೆ. ಎಂಟು ಕಂತು ಬಂದವು. ಜನವರಿಯಲ್ಲಿ ಅಂಗಡಿ ಮುಚ್ಚಿದರು. ನೋಡುವವರು ಸಾಲಲಿಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪೈಪೋಟಿ ತಡೆಯಲಾಗದೆ ಅದು ಸತ್ತಿತು. ಪೈಪೋಟಿ ಕೊಟ್ಟಿದ್ದು ಬೇರೆ ಯಾರೂ ಅಲ್ಲ, ಎಚ್‌ಬಿಒದ ಧಣಿಯಾದ ವಾರ್ನರ್ ಬ್ರದರ್ಸ್ ಡಿಸ್ಕವರಿ ಕಂಪನಿಯೇ.

ಹಾಗಂತ ಸರಣಿ ಮಾಡಿದವರು ಸಾಮಾನ್ಯರೇನಲ್ಲ. ಹುಟ್ಟುಹಾಕಿದ್ದು ಜಾನ್ ಬ್ರೌನ್. ಬೆನ್ನಿಗೆ ರಾಜಕಾರಣಿಗಳನ್ನು ಗೇಲಿ ಮಾಡುವುದರಲ್ಲಿ ಪಳಗಿದ ಅರ್ಮಾಂಡೋ ಇಯನೂಚಿ. ಮೊದಲ ಕಂತು ನಿರ್ದೇಶಿಸಿದ್ದು ಎರಡು ಬಾಂಡ್ ಸಿನಿಮಾ ತೆಗೆದ ಸ್ಯಾಮ್ ಮೆಂಡಿಸ್. ಅದರೊಳಗೆ ತಯಾರಾಗುವ ಸಿನಿಮಾದ ನಾಯಕ ಟೆಕ್ಟೋ. ಭೂಕಂಪ ಮಾಡಿಸುವ ಶೂರ. ಅವನ ಕೈಯಲ್ಲಿ ಕಣ್ಣಿಗೆ ಕಾಣದ ಒಂದು ಡ್ರಿಲ್ ಯಂತ್ರ! ನಿರ್ದೇಶಕನಿಗೆ ತಾನು ಮಹಾನ್ ಕಲೆ ಮಾಡುತ್ತಿದ್ದೇನೆ ಅನ್ನುವ ಭ್ರಮೆ. ಎಲ್ಲರ ಬೈಗುಳ ತಿನ್ನುವುದು ಹಿಮೇಶ್ ಪಟೇಲ್ ಮಾಡಿದ ಸಹಾಯಕ ನಿರ್ದೇಶಕನ ಪಾತ್ರ. ನಿಮ್ಮ ಸಿನಿಮಾಗಳಲ್ಲಿ ಹೆಂಗಸರಿಗೆ ಬೆಲೆಯಿಲ್ಲ ಎಂಬ ದೂರು ಬಂದಾಗ ಸ್ಟುಡಿಯೋದವರು ಏನು ಮಾಡುತ್ತಾರೆ ಗೊತ್ತಾ? ನಾಯಕಿಯ ಕೈಗೆ ಭಾರೀ ಶಕ್ತಿಯ ಒಂದು ಕೋಲು ಕೊಡುತ್ತಾರೆ. ಸಮಾನತೆ ಬಂದಾಯ್ತು.

ಇದು ಅತಿಯಾಯಿತು ಅನ್ನಿಸಿತೇ? ಹಾಗಾದರೆ ಧಣಿಗಳ ಹಳೇ ಪ್ರತಿಭೆ ಕೇಳಿ. ವಾರ್ನರ್ ಬ್ರದರ್ಸ್‌ನವರ 2017ರ ‘ಜಸ್ಟೀಸ್ ಲೀಗ್’ ಸಿನಿಮಾಕ್ಕೆ ಒಂದಷ್ಟು ದೃಶ್ಯಗಳನ್ನು ಮತ್ತೆ ತೆಗೆಯಬೇಕಾಯಿತು. ಅಷ್ಟರಲ್ಲಿ ಸೂಪರ್‌ಮ್ಯಾನ್ ಹೆನ್ರಿ ಕ್ಯಾವಿಲ್ ಪ್ಯಾರಾಮೌಂಟ್ ಕಂಪನಿಯ ಇನ್ನೊಂದು ಸಿನಿಮಾಕ್ಕೆ ಮೀಸೆ ಬಿಟ್ಟಿದ್ದರು. ಬೋಳಿಸಲು ಪ್ಯಾರಾಮೌಂಟ್ ಬಿಡಲಿಲ್ಲ. ಗುಂಡು ತಡೆಯುವ ಎದೆ ಇದ್ದವನಿಗೂ ಎದುರು ಕಂಪನಿಯ ಕರಾರು ತಡೆಯಲಾಗಲಿಲ್ಲ. ಕೊನೆಗೆ ಮೀಸೆಯನ್ನು ಕಂಪ್ಯೂಟರಿನಲ್ಲಿ ಅಳಿಸಿದರು. ತೆರೆಯ ಮೇಲೆ ಸೂಪರ್‌ಮ್ಯಾನ್‌ನ ಮೇಲ್ದುಟಿ ಮಾತ್ರ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ಈಗ ಹೇಳಿ, ಕಾಣದ ಡ್ರಿಲ್ ಯಂತ್ರ ಜಾಸ್ತಿ ತಮಾಷೆಯೋ, ಕಾಣದ ಮೀಸೆಯೋ?

ಯಕ್ಷಗಾನದಲ್ಲಿ ರಾಜವೇಷದವನೇ ಹಾಸ್ಯಗಾರನಿಗಿಂತ ಹೆಚ್ಚು ನಗಿಸಲು ನಿಂತರೆ, ಹಾಸ್ಯಗಾರ ಚೌಕಿಗೆ ಹೋಗಿ ಬಣ್ಣ ತೊಳೆಯುವುದೇ ಸರಿ.

ಮೀಸೆ ಪ್ರಕರಣ ಬರೀ ಪೀಠಿಕೆ. ನಿಜವಾದ ಪ್ರತಿಭೆ ಕಂಡಿದ್ದು 2022ರ ಆಗಸ್ಟಿನಲ್ಲಿ. ‘ಬ್ಯಾಟ್‌ಗರ್ಲ್’ ಸಿನಿಮಾದ ಚಿತ್ರೀಕರಣ ಮುಗಿದಿತ್ತು. ಖರ್ಚು ಸುಮಾರು 9 ಕೋಟಿ ಡಾಲರ್ ಅಂತ ವರದಿಯಾಗಿತ್ತು. ಮೈಕೆಲ್ ಕೀಟನ್ ಎಷ್ಟೋ ವರ್ಷಗಳ ಹಿಂದೆ ಕಳಚಿಟ್ಟ ಬ್ಯಾಟ್‌ಮ್ಯಾನ್ ವೇಷವನ್ನು ಇದಕ್ಕಾಗಿ ಮತ್ತೆ ತೊಟ್ಟಿದ್ದರು. ಆಗ ವಾರ್ನರ್‌ಗೆ ಡಿಸ್ಕವರಿ ಕೂಡಿಕೊಂಡಾಗ ಬಂದ ಹೊಸ ಧಣಿಗಳಿಗೆ ಜ್ಞಾನೋದಯವಾಯಿತು. ಸಿನಿಮಾ ತೋರಿಸಿದರೆ ಬರುವ ದುಡ್ಡಿಗಿಂತ, ಎಲ್ಲೂ ತೋರಿಸದೆ ನಷ್ಟ ಅಂತ ಬರೆದುಕೊಂಡರೆ ತೆರಿಗೆಯಲ್ಲಿ ಉಳಿಯುವ ದುಡ್ಡೇ ವಾಸಿ! ಸಿನಿಮಾ ಡಬ್ಬದೊಳಗೆ ಹೋಯಿತು. ನಿರ್ದೇಶಕರಿಬ್ಬರು ಒಂದು ನೆನಪಿಗಾದರೂ ಇರಲಿ ಅಂತ ಫೋನಿನಲ್ಲಿ ದೃಶ್ಯ ಹಿಡಿದುಕೊಳ್ಳಲು ಸರ್ವರ್ ತೆರೆದರು. ಅಲ್ಲಿ ಏನೂ ಇರಲಿಲ್ಲ. ಸ್ವಂತ ಸಿನಿಮಾವನ್ನೇ ಪೈರಸಿ ಮಾಡಲು ಹೋಗಿ ಸೋತವರು ಪಾಪ ಇವರೇ ಮೊದಲಿರಬೇಕು. ಆಮೇಲೆ ಕಲಾವಿದರಿಗೂ ತಂತ್ರಜ್ಞರಿಗೂ ಗುಟ್ಟಾಗಿ ಒಂದೆರಡು ಪ್ರದರ್ಶನ ಇಟ್ಟರಂತೆ. ಹಾಲಿವುಡ್ಡಿನವರೇ ಅದಕ್ಕೆ ಅಂತ್ಯಕ್ರಿಯೆ ಪ್ರದರ್ಶನ ಅಂತ ಹೆಸರಿಟ್ಟರು.

ನಗು ಮುಗಿಯಲಿಲ್ಲ. ಮರುವರ್ಷ ‘ಕಯೋಟಿ ವರ್ಸಸ್ ಆ್ಯಕ್ಮಿ’ ಎಂಬ ಸಿನಿಮಾಕ್ಕೂ ಅದೇ ಗತಿ. ಕಳಪೆ ಸಾಮಾನು ಮಾರಿದ ದೊಡ್ಡ ಕಂಪನಿಯ ಮೇಲೆ ಒಂದು ಬಡಪಾಯಿ ತೋಳ ಕೇಸು ಹಾಕುವ ಕಥೆ ಅದು. ದೊಡ್ಡ ಕಂಪನಿಯೇ ಅದನ್ನು ಬೀಗ ಹಾಕಿ ಇಟ್ಟಿತು. ಜನ ಬೈದ ಮೇಲೆ, 2025ರಲ್ಲಿ ಬೇರೆಯವರಿಗೆ ಮಾರಿತು.

ಇಂಥ ಮನೆಯಲ್ಲಿ ಕೂತು ಸಿನಿಮಾ ಮಂದಿಯನ್ನು ಗೇಲಿ ಮಾಡುತ್ತೇವೆ ಅಂತ ಹೊರಟವರ ಧೈರ್ಯ ಮೆಚ್ಚಲೇಬೇಕು. 1999ರಲ್ಲಿ ಫಾಕ್ಸ್ ವಾಹಿನಿಯಲ್ಲೂ ‘ಆ್ಯಕ್ಷನ್’ ಅಂತ ಒಂದು ಬಂದಿತ್ತು. ಪೀಟರ್ ಡ್ರ್ಯಾಗನ್ ಎಂಬ ನಿರ್ಮಾಪಕ ಹೆಸರು ಕಲಸಿಕೊಂಡು ಯಾರದ್ದೋ ಬದಲು ಇನ್ಯಾರದ್ದೋ ಕಥೆಗೆ ದುಡ್ಡು ಸುರಿಯುತ್ತಾನೆ. 13 ಕಂತು ತೆಗೆದಿದ್ದರು. ಫಾಕ್ಸ್ ಎಂಟು ತೋರಿಸಿ ಸಾಕೆಂದಿತು. ಎಂಟರ ಮೇಲೆ ಈ ಜಾತಿಯ ಸರಣಿಗಳಿಗೆ ಆಯಸ್ಸಿಲ್ಲ ಅಂತ ಕಾಣುತ್ತದೆ.

ಧಣಿಗಳ ತಮಾಷೆಗೆ ಮಾತ್ರ ಕೊನೆಯಿಲ್ಲ. ಎಚ್‌ಬಿಒ ಮ್ಯಾಕ್ಸ್ ಅಂತಿದ್ದ ಆ್ಯಪನ್ನು 2023ರಲ್ಲಿ ‘ಮ್ಯಾಕ್ಸ್’ ಮಾಡಿದರು. ಒಳ್ಳೇ ಹೆಸರಿದ್ದ ಎಚ್‌ಬಿಒ ಅನ್ನೋದನ್ನೇ ಕಿತ್ತರು. ಎರಡು ವರ್ಷ ಯೋಚಿಸಿ, 2025ರಲ್ಲಿ ಮತ್ತೆ ‘ಎಚ್‌ಬಿಒ ಮ್ಯಾಕ್ಸ್’ ಮಾಡಿದರು. (ಹಾಟ್‌ಸ್ಟಾರ್ ಮೊದಲು ಡಿಸ್ನಿ ಜೊತೆ, ಆಮೇಲೆ ಜಿಯೋ ಜೊತೆ ಹೆಸರು ಹಂಚಿಕೊಂಡದ್ದನ್ನು ಕಂಡ ನಮಗೆ ಇದು ಹೊಸದೇನಲ್ಲ ಬಿಡಿ.) ಕಥೆಗಾರ ಇಂಥ ದೃಶ್ಯ ಬರೆದು ತಂದಿದ್ದರೆ, ಸ್ವಲ್ಪ ನಂಬುವ ಹಾಗೆ ಬರೀರಿ ಸ್ವಾಮಿ ಅಂತ ವಾಪಸ್ ಕಳಿಸುತ್ತಿದ್ದರು.

ಆದ್ದರಿಂದ ಎರಡನೇ ಸೀಸನ್ ಮಾಡುವುದಾದರೆ ನನ್ನದೊಂದು ಸಲಹೆ. ಬರಹಗಾರರು ಬೇಡ, ನಟರೂ ಬೇಡ. ಕಂಪನಿಯ ಲೆಕ್ಕಪತ್ರದ ಸಭೆಯಲ್ಲಿ ಒಂದು ಕ್ಯಾಮೆರಾ ಇಟ್ಟು ಸುಮ್ನೆ ಹೊರಗೆ ಬಂದುಬಿಡಿ. ಎಂಟು ಕಂತು ಒಂದೇ ಮಧ್ಯಾಹ್ನದಲ್ಲಿ ಸಿಗುತ್ತದೆ. ಚೆನ್ನಾಗಿ ಬಂದರೆ ತೆರಿಗೆ ಇಲಾಖೆಗೆ ನಷ್ಟ ಅಂತ ತೋರಿಸಬಹುದು.