ಬ್ರೌಸರ್ ಓಡಿದರೆ ಪ್ರಾಕ್ಸಿ ಸರಿಯಿದೆ ಎಂದಲ್ಲ

‘ಆಫೀಸ್ ಕಂಪ್ಯೂಟರಿನಲ್ಲಿ ಬ್ರೌಸರ್ ಓಡುತ್ತಿದ್ದರೂ ವಿಂಡೋಸ್ ಅಪ್‌ಡೇಟ್ ಆಗದಿದ್ದರೆ ಫೈರ್‌ವಾಲ್ ಆಫ್ ಮಾಡಿ’ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ. ತಡೆ ಇರುವುದು ಕಂಪನಿಯ ಗೇಟ್‌ವೇಯಲ್ಲಾದರೆ (ಕಂಪನಿಯ ಜಾಲ ಇಂಟರ್‌ನೆಟ್‌ಗೆ ಸೇರುವ ಬಾಗಿಲು) ನಿಮ್ಮ ಕಂಪ್ಯೂಟರಿನ ಫೈರ್‌ವಾಲ್ ಆರಿಸಿ ಏನು ಬಂತು?

ಪ್ರಾಕ್ಸಿ ಎಂದರೆ ಆಫೀಸ್ ಕಂಪ್ಯೂಟರುಗಳಿಗೂ ಇಂಟರ್‌ನೆಟ್‌ಗೂ ನಡುವೆ ನಿಂತು ಕೋರಿಕೆಗಳನ್ನು ಸಾಗಿಸುವ ಸರ್ವರ್. ಬ್ರೌಸರ್ ನೋಡುವುದು ಬಳಕೆದಾರರ ಪ್ರಾಕ್ಸಿ ಸೆಟ್ಟಿಂಗನ್ನು. ಅಪ್‌ಡೇಟ್ ಸರ್ವಿಸ್ ವಿಂಡೋಸಿನದೇ ಆದ ಸಿಸ್ಟಂ ಖಾತೆಯಲ್ಲಿ ಓಡುತ್ತದೆ, ಮುಖ್ಯವಾಗಿ ಸರ್ವಿಸ್‌ಗಳಿಗೆಂದೇ ಇರುವ ವಿನ್‌ಎಚ್‌ಟಿಟಿಪಿ ಸೆಟ್ಟಿಂಗನ್ನು ನೆಚ್ಚುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್‌ಶ್ ವಿನ್‌ಎಚ್‌ಟಿಟಿಪಿ ಶೋ ಪ್ರಾಕ್ಸಿ’ (netsh winhttp show proxy) ಕೊಡಿ. ‘ಡೈರೆಕ್ಟ್ ಆಕ್ಸೆಸ್’ ಎಂದು ಬಂದರೆ ಅಲ್ಲಿ ಪ್ರಾಕ್ಸಿ ಹಾಕಿಯೇ ಇಲ್ಲ ಎಂದರ್ಥ. ಅದೇ ಕಮಾಂಡಿನಲ್ಲಿ ‘ಶೋ’ ಬದಲು ‘ಸೆಟ್’ ಬರೆದು, ಕೊನೆಗೆ ಸರ್ವರ್ ಹೆಸರು, ಕೋಲನ್, ಪೋರ್ಟ್ ಸಂಖ್ಯೆ ಸೇರಿಸಿ.

ಆಮೇಲೂ 0ಎಕ್ಸ್8024401ಬಿ ದೋಷ ಬಂದರೆ ಪ್ರಾಕ್ಸಿ ಲಾಗಿನ್ ಕೇಳುತ್ತಿದೆ (ಎಚ್‌ಟಿಟಿಪಿ 407). ಸರ್ವಿಸಿಗೆ ಪಾಸ್‌ವರ್ಡ್ ಟೈಪ್ ಮಾಡಲು ಬರುವುದಿಲ್ಲವಲ್ಲ! ಅಪ್‌ಡೇಟ್ ವಿಳಾಸಗಳಿಗೆ ಲಾಗಿನ್ ಮತ್ತು ಟಿಎಲ್‌ಎಸ್ ತಪಾಸಣೆಯಿಂದ (ಗೂಢಲಿಪಿಯ ಸಂಪರ್ಕವನ್ನು ನಡುವೆ ಬಿಚ್ಚಿ ನೋಡುವುದು) ವಿನಾಯಿತಿ ಕೊಡುವಂತೆ ನೆಟ್‌ವರ್ಕ್ ವಿಭಾಗವನ್ನು ಕೇಳಿ. ವಿನಾಯಿತಿ ಡೊಮೇನ್ ಹೆಸರಿನ ಮೇಲಿರಲಿ. ಐಪಿ ವಿಳಾಸಗಳು ಬದಲಾಗುತ್ತಲೇ ಇರುತ್ತವೆ. ಡೌನ್‌ಲೋಡ್ ಶುರುವಾಗಿ ನಡುವೆ ನಿಂತರೆ, ಫೈಲನ್ನು ತುಂಡುತುಂಡಾಗಿ ತರಿಸುವ ರೇಂಜ್ ಕೋರಿಕೆಗಳನ್ನು ಪ್ರಾಕ್ಸಿ ತಡೆಯುತ್ತಿದೆಯೇ ಎಂದೂ ನೋಡಿಸಿ.