ಲಾಭ, ಎರಡು, ಮೂರು

ನಮ್ಮನೆ ಅಕ್ಕಿ ಡಬ್ಬದಲ್ಲಿ ಒಂದು ಹಿತ್ತಾಳೆ ಪಾವಿದೆ. ಬಾಯಿ ಒಂದು ಕಡೆ ನೆಗ್ಗಿದೆ, ತಳ ಸವೆದು ನೆಟ್ಟಗೆ ಕೂರುವುದಿಲ್ಲ. ಅದು ನಮ್ಮ ಸೋದರತ್ತೆಯದು. ಬಂಗಾರವಾಗಿದ್ದರೆ ಹಂಚಿಕೊಳ್ಳಲು ಜನ ಬರುತ್ತಿದ್ದರು. ಪಾವು ಯಾರಿಗೂ ಬೇಡವಾಗಿತ್ತು. ನಾನು ಚೀಲಕ್ಕೆ ಹಾಕಿಕೊಂಡು ಬಂದೆ.

ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಮಗ್ಗಿಗಿಂತ ಮೊದಲು ಅತ್ತೆ ನಮಗೆ ಕಲಿಸಿದ ಲೆಕ್ಕ ಇದು. 1956ರಲ್ಲಿ ದೆಹಲಿಯಲ್ಲಿ ಕಾಯ್ದೆ ಮಾಡಿ ಕಿಲೋ, ಲೀಟರು ತಂದರಂತೆ. ಅಂಗಡಿಯವರು ನಿಧಾನಕ್ಕೆ ಒಪ್ಪಿಕೊಂಡರು. ಅರಕಲಗೂಡು ಕಡೆಯ ನಮ್ಮ ಮನೆಯ ಉಗ್ರಾಣಕ್ಕೆ ಮಾತ್ರ ಆ ಸುದ್ದಿ ಅತ್ತೆ ಇರುವವರೆಗೂ ತಲುಪಲಿಲ್ಲ.

ಅಳೆಯುವಾಗ ಅವರು ಒಂದು ಅನ್ನುತ್ತಿರಲಿಲ್ಲ. ಮೊದಲ ಪಾವಿಗೆ ‘ಲಾಭ’. ಆಮೇಲೆ ಎರಡು, ಮೂರು. ಆರಾದ ಮೇಲೆ ‘ಮತ್ತೊಂದು’, ಅಲ್ಲಿಂದ ನೇರ ಎಂಟು. ಏಳು ಅಂದರೆ ಅಕ್ಕಿ ಎದ್ದು ಹೊರಟುಬಿಟ್ಟೀತು! ಅಕ್ಕಿ ಮುಗಿದಿದೆ ಅನ್ನುವಂತೆಯೂ ಇರಲಿಲ್ಲ; ‘ಅಕ್ಕಿ ಹೆಚ್ಚಿದೆ ಕಣೋ, ತರಿಸು’ ಅಂತ ಅಪ್ಪನಿಗೆ ಹೇಳುತ್ತಿದ್ದರು. ಬ್ಯಾಂಕಿನವರಿಗೆ ಈ ಭಾಷೆಯಲ್ಲಿ ನನ್ನ ಖಾತೆಯ ಸ್ಥಿತಿ ವಿವರಿಸಬೇಕೆಂದು ಎಷ್ಟೋ ಸಲ ಅನಿಸಿದೆ.

ಮನೆಗೆ ಸೊಸೆ ಬರುವ ದಿನ ಸೇರು ಹೊರಗೆ ಬರುತ್ತಿತ್ತು. ಅಕ್ಕಿ ತುಂಬಿ, ಮೇಲೊಂದು ಅಚ್ಚು ಬೆಲ್ಲ ಇಟ್ಟು, ಹೊಸಿಲ ಮೇಲೆ ಇಡಬೇಕು. ಹುಡುಗಿ ಬಲಗಾಲಲ್ಲಿ ಒದ್ದು ಒಳಗೆ ಬರಬೇಕು. ಅದನ್ನು ತುಂಬುವವರು ಅತ್ತೆಯೇ. ಆದರೆ ಹೊಸಿಲಿಗೆ ತಂದಿಡುವವರು ಬೇರೆ ಯಾರೋ. ಅತ್ತೆ ತಾವೂ ಒಂದು ಮನೆಯಲ್ಲಿ ಸೇರು ಒದ್ದು ಒಳಗೆ ಹೋದವರೇ, ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅವತ್ತು ಅವರು ಉಗ್ರಾಣದ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಅಕ್ಕಿ ಚೆಲ್ಲಿದ ಸದ್ದು ಕೇಳಿದ ಮೇಲೆ, ‘ಬಂದಳಾ? ಚೆನ್ನಾಗಿ ಒದ್ದಳಾ?’ ಅಂತ ನನ್ನನ್ನು ಕೇಳುತ್ತಿದ್ದರು. ‘ಹೂಂ ಅತ್ತೆ, ನಡುಮನೆ ತನಕ ಹೋಯ್ತು’ ಅಂದರೆ ಬಾಯಿಗೆ ಸೆರಗು ಹಿಡಿದು ನಗುವರು. ಅಮ್ಮ ಒದ್ದಾಗ ಸೇರು ಅಲುಗಲೂ ಇಲ್ಲವಂತೆ. ಅದನ್ನು ಅತ್ತೆ ಅಮ್ಮನಿಗೆ ಕೊನೆಯವರೆಗೂ ನೆನಪಿಸುತ್ತಿದ್ದರು.

ಮೊನ್ನೆ ಮಗಳು ರೈಸ್ ಕುಕ್ಕರ್ ತಂದಳು. ಜೊತೆಗೊಂದು ಪ್ಲಾಸ್ಟಿಕ್ ಕಪ್ಪು. ‘ನೂರೆಂಬತ್ತು ಎಂಎಲ್, ಕರೆಕ್ಟ್ ಅಳತೆ, ಆ ಡೊಂಕು ಪಾವು ಬಿಸಾಕು’ ಅಂದಳು. ಇನ್ನೂರು ಬಿಟ್ಟು ಇದೇನು ನೂರೆಂಬತ್ತು ಎಂದು ಹುಡುಕಿದರೆ, ಅದು ಜಪಾನಿನ ಹಳೇ ಕಾಲದ ‘ಗೋ’ ಅನ್ನುವ ಅಳತೆಯಂತೆ! ಅಲ್ಲಿಯೂ ಯಾವುದೋ ಅತ್ತೆ ಲೀಟರಿಗೆ ಬಗ್ಗದೆ ಉಳಿದಿದ್ದಾಳೆ. ಕಪ್ಪಿನಿಂದ ಪಾವಿಗೆ ಸುರಿದು ನೋಡಿದೆ. ಒಂದು ಕಪ್ಪು ಪೂರ್ತಿ ಹೋಗಿ ಇನ್ನೂ ಕಾಲು ಕಪ್ಪು ಹಿಡಿಸಿತು.

ಆದರೆ ಅತ್ತೆಯ ಅಳತೆ ಪಾವಿಗೆ ಮುಗಿಯುತ್ತಿರಲಿಲ್ಲ. ಲೆಕ್ಕವೆಲ್ಲ ಆದ ಮೇಲೆ ಕೈಹಾಕಿ ಒಂದು ಹಿಡಿ ತೆಗೆದು ಪಾತ್ರೆಗೆ ಹಾಕುತ್ತಿದ್ದರು. ‘ಅದು ಯಾರಿಗೆ?’ ಅಂದರೆ, ‘ಬರೋರಿಗೆ.’ ಬರುವವರು ಬರುತ್ತಲೂ ಇದ್ದರು: ಬಸ್ಸು ತಪ್ಪಿಸಿಕೊಂಡ ನೆಂಟರು, ಕೋರ್ಟು ಕೆಲಸಕ್ಕೆ ಹೊರಟ ಊರಿನವರು. ಯಾರೂ ಬರದ ದಿನ ಮಾರನೆಯ ಬೆಳಿಗ್ಗೆ ನಮಗೆಲ್ಲ ಚಿತ್ರಾನ್ನ.

ಪಾವು ನನಗೆ ಬಂತು, ಆ ಹಿಡಿ ಬರಲಿಲ್ಲ. ಅವರ ಕೈ ಪುಟ್ಟದು, ಗಂಟುಗಂಟು ಬೆರಳು, ನನ್ನದು ಅಗಲ. ಎಷ್ಟು ಹಾಕಿದರೂ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುವುದಿಲ್ಲ. ಈ ಮೂರನೇ ಮಹಡಿಗೆ ಹೇಳದೆ ಕೇಳದೆ ಊಟದ ಹೊತ್ತಿಗೆ ಬರುವವರಾದರೂ ಯಾರು? ಆದರೂ ‘ಲಾಭ’ ಅಂತ ಶುರು ಮಾಡಿದರೆ ಕೊನೆಗೆ ಕೈ ತಾನಾಗಿ ಡಬ್ಬಕ್ಕೆ ಹೋಗುತ್ತದೆ.

ಮಗಳು ಡಬ್ಬಿ ತೆರೆದು ಮೂಸಿ, ‘ಇವತ್ತೂ ಚಿತ್ರಾನ್ನಾನಾ?’ ಅಂದಳು.