ಚಾರ್ಲಿ ಬಾರ್ನೆಟ್ 1949ರಲ್ಲಿ ಬ್ಯಾಂಡ್ ನಿಲ್ಲಿಸಿದ್ದು ಸರಿಯಾ?

ಪರ

ಜಾಝ್ ನುಡಿಸುವ ದೊಡ್ಡ ಬ್ಯಾಂಡೊಂದರ ನಾಯಕನಾಗಿದ್ದ ಬಾರ್ನೆಟ್ ನ್ಯೂಯಾರ್ಕಿನ ಸಿರಿವಂತರ ಮನೆಯ ಹುಡುಗ. ವಕೀಲನಾಗಲಿ ಎಂದು ಮನೆಯವರ ಆಸೆ, ಅವನು ಹಿಡಿದದ್ದು ಸ್ಯಾಕ್ಸೋಫೋನ್. ಹಾಗಾಗಿ 'ಶೋಕಿ ತೀರಿತು, ಬಿಟ್ಟ' ಅನ್ನುವುದು ಸುಲಭ. ಆದರೆ ಆಗಿನ ಖರ್ಚು ನೋಡಿ. ಹದಿನೈದಕ್ಕೂ ಜಾಸ್ತಿ ಜನರ ಸಂಬಳ, ಬಸ್ಸು, ಹೋಟೆಲ್ಲು. ಮೇಲಿಂದ, ಹಾಡು-ಕುಣಿತ ಇರುವ ಕ್ಲಬ್ಬುಗಳ ಬಿಲ್ಲಿಗೆ ಅಮೆರಿಕ ಸರ್ಕಾರ 1944ರಲ್ಲಿ ಹಾಕಿದ ಭಾರೀ ತೆರಿಗೆ ಯುದ್ಧ ಮುಗಿದರೂ ಹೋಗಲಿಲ್ಲ. ಬರೀ ವಾದ್ಯ ನುಡಿಸಿದರೆ ಆ ತೆರಿಗೆ ಇರಲಿಲ್ಲ. ಹಾಗಾಗಿ ಕುಣಿತಕ್ಕೆ ನುಡಿಸುವ ದೊಡ್ಡ ಬ್ಯಾಂಡ್ ಬೇಡ, ನಾಲ್ಕೈದು ಜನರ ಗುಂಪೇ ಸಾಕು ಎಂದರು ಕ್ಲಬ್ ಮಾಲೀಕರು. 1946ರ ಕೊನೆಗೆ ವುಡಿ ಹರ್ಮನ್, ಟಾಮಿ ಡಾರ್ಸಿಯಂಥ ಹೆಸರಾಂತ ನಾಯಕರೇ ಬ್ಯಾಂಡ್ ಮುಚ್ಚಿದ್ದರು. ಬಾರ್ನೆಟ್ ಅವರಿಗಿಂತ ಮೂರು ವರ್ಷ ಹೆಚ್ಚು ಎಳೆದ. ಟ್ರಂಪೆಟ್ ಊದುವ ಮೇನಾರ್ಡ್ ಫರ್ಗ್ಯುಸನ್‌ನಂಥ ಹುಡುಗರನ್ನು ಸೇರಿಸಿಕೊಂಡು, ಆಗಿನ ಹೊಸ, ಜಟಿಲ ಲಯದ ಜಾಝ್ ಆದ ಬೀಬಾಪ್ ಕೂಡ ನುಡಿಸಿದ. ಕುಣಿಯಲು ಬಂದವರಿಗೆ ಅದಕ್ಕೆ ಹೆಜ್ಜೆ ಹಾಕುವುದು ಹೇಗೆ? ಇನ್ನೂ ದುಡ್ಡು ಸುರಿಯಬೇಕಿತ್ತು ಅನ್ನುವವರು ತಮ್ಮ ಜೇಬಿನಿಂದ ಸುರಿದು ನೋಡಲಿ.

ವಿರೋಧ

ನಷ್ಟ ಅಂದರೆ ಏನು ಅಂತ ಬಾರ್ನೆಟ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1939ರ ಜುಲೈಯಲ್ಲಿ 'ಚೆರೋಕೀ' ರೆಕಾರ್ಡ್ ಮಾಡಿದ, ಅದು ಅವನಿಗೆ ಹೆಸರು ತಂದಿತು. ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸಿನ ಪಾಲೊಮಾರ್ ಡ್ಯಾನ್ಸ್ ಹಾಲಿಗೆ ಬೆಂಕಿ ಬಿತ್ತು. ಅಂದು ಅಲ್ಲಿ ನುಡಿಸುತ್ತಿದ್ದದ್ದು ಇವನ ಬ್ಯಾಂಡೇ. ವಾದ್ಯಗಳು ಸುಟ್ಟವು. ಪ್ರತಿ ವಾದ್ಯಕ್ಕೂ ಬೇರೆ ಬೇರೆಯಾಗಿ ಬರೆದಿಟ್ಟ ನೋಟೇಶನ್ ಹಾಳೆಗಳೂ ಬೂದಿ. ವಾದ್ಯ ಅಂಗಡಿಯಲ್ಲಿ ಸಿಗುತ್ತದೆ, ಹಾಳೆ ಎಲ್ಲಿ ಸಿಗುತ್ತದೆ? ಆದರೂ ಮತ್ತೆ ಬ್ಯಾಂಡ್ ಕಟ್ಟಿ ನಿಂತ. 1941ರಲ್ಲಿ ಲೀನಾ ಹಾರ್ನ್ ಅವನ ಬ್ಯಾಂಡಿನಲ್ಲಿ ಹಾಡಿದಳು. ಬಿಳಿಯರ ಬ್ಯಾಂಡಿನಲ್ಲಿ ಕಪ್ಪು ಗಾಯಕಿ ಆಗ ಬಲು ಅಪರೂಪ. ಬುಕಿಂಗ್ ಹೋದರೆ ಹೋಗಲಿ ಅನ್ನುವ ಧೈರ್ಯಕ್ಕೆ ಮನೆಯ ದುಡ್ಡೇ ಬೆನ್ನಿಗಿತ್ತು ಅಂತ ನನ್ನ ಊಹೆ. ಹಾಗಾದರೆ 1949ರಲ್ಲಿ ಆ ದುಡ್ಡು ಎಲ್ಲಿ ಹೋಗಿತ್ತು?

ಅವನು ಆರಾಧಿಸುತ್ತಿದ್ದ ಡ್ಯೂಕ್ ಎಲಿಂಗ್ಟನ್ ತನ್ನ ಹಾಡುಗಳ ರಾಯಲ್ಟಿ ಸುರಿದು ಬ್ಯಾಂಡ್ ಉಳಿಸಿಕೊಂಡ. ಕೌಂಟ್ ಬೇಸಿ 1950ರಲ್ಲಿ ಸಣ್ಣ ಗುಂಪಿಗೆ ಇಳಿದು, ಎರಡೇ ವರ್ಷಕ್ಕೆ ಮತ್ತೆ ದೊಡ್ಡ ಬ್ಯಾಂಡ್ ಕಟ್ಟಿದ. ಬಾರ್ನೆಟ್‌ಗೆ ಇನ್ನೂ ನಲವತ್ತಾಗಿರಲಿಲ್ಲ. ಬೀಬಾಪ್ ಅವನಿಗೆ ಪೂರಾ ಹೊರಗಿನದೂ ಅಲ್ಲ: 1945ರಲ್ಲಿ ಬೀಬಾಪ್‌ನ ದೊಡ್ಡ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ 'ಕೋ-ಕೋ' ಎಂಬ ರಚನೆ ಕಟ್ಟಿದ್ದು ಅದೇ 'ಚೆರೋಕೀ'ಯ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಮೇಲೆ. ಆಮೇಲೂ ಬಾರ್ನೆಟ್ ಆಗಾಗ ಸ್ವಲ್ಪ ದಿನಕ್ಕೆ ಬ್ಯಾಂಡ್ ಕಟ್ಟುತ್ತಲೇ ಇದ್ದ. ಆಸೆ ಪೂರ್ತಿ ಹೋಗಿರಲಿಲ್ಲ ಅಂತ ತಾನೇ ಅರ್ಥ?